ಅತ್ತೆಯವರ ಅಳತೆಯ ಗುಡಾಣ

ಪಾರ್ಸೆಲಪ್ಪನವರು ತಮ್ಮ ಜೀವಮಾನದಲ್ಲಿ ಜಂಬ ಕೊಚ್ಚಿಕೊಂಡದ್ದು ಒಂದೇ ಸಲ. ಅಭ್ಯಾಸವಿಲ್ಲದವರು ಆ ಕೆಲಸಕ್ಕೆ ಕೈಹಾಕಬಾರದು ಎನ್ನುವುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಪಾರ್ಸೆಲಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ಕೂತು, ಬಂದವರ ಕಟ್ಟನ್ನು ತಕ್ಕಡಿಗೆ ಹಾಕುವ ಮೊದಲೇ ಅಂಗೈಯಲ್ಲಿ ಎತ್ತಿ ತೂಕ ಹೇಳಿಬಿಡುವ ಮಟ್ಟಕ್ಕೆ ಅವರು ಬೆಳೆದಿದ್ದರು. ಹೆಸರು ಹಾಗೆ ಅಂಟಿಕೊಂಡಿತು. ಮನೆಯಲ್ಲಿ ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆಯವರು ಬಂದು ನೆಲೆಸಿ ಎಷ್ಟೋ ವರ್ಷಗಳಾಗಿದ್ದರೂ ಅತ್ತೆ ಅಳಿಯ ನೇರವಾಗಿ ಮಾತಾಡಿದ್ದನ್ನು ಕಂಡವರಿಲ್ಲ. ಜಗಳವೇನೂ ಇರಲಿಲ್ಲ. ಮೊದಮೊದಲು ಸಂಕೋಚ, ಆಮೇಲೆ ಅದೇ ರೂಢಿ. “ಅವರಿಗೆ ಹೇಳು, ಕಾಫಿ ಆರಿಹೋಗ್ತಿದೆ ಅಂತ,” ಎಂದು ಅತ್ತೆಯವರು ಅಳಿಯನ ಎದುರಿಗೇ ಕೂತು ಮಗಳಿಗೆ ಹೇಳುವರು. “ಕುಡೀತೀನಿ ಅಂತ ಹೇಳು,” ಎಂದು ಅಳಿಯ ಕಪ್ಪಿನ ಕಡೆ ನೋಡುತ್ತಾ ಹೇಳುವರು. ಮಗಳು ಇಬ್ಬರ ಮಧ್ಯೆ ಕೂತು ಯಾರಿಗೂ ಏನೂ ಹೇಳದೆ ಪೇಪರ್ ಓದುವರು.

ಈ ಪಾರ್ಸೆಲಪ್ಪನವರು ಒಂದು ಭಾನುವಾರ ಟಯರ್ ಅಂಗಡಿಯ ಹಿಂದಿನ ಗ್ಯಾರೇಜಿನ ಮುಂದೆ ಹೋಗುವಾಗ, ಒಳಗೆ ಒಂದು ಚಕ್ರದ ಮೇಲೆ ಮಣ್ಣಿನ ಮುದ್ದೆ ತಿರುಗುತ್ತಾ ತಿರುಗುತ್ತಾ ಬಟ್ಟಲಾದದ್ದನ್ನು ಕಂಡು ನಿಂತರು. ನಿಂತವರು ಫೀಸು ಕಟ್ಟಿಯೇ ಹೊರಬಂದರು. ಅಲ್ಲಿ ಕಲಿಸುತ್ತಿದ್ದ ಟೀಚರು ಮೊದಲು ಈಜು ಕಲಿಸುತ್ತಿದ್ದವರು. ಈಜುಕೊಳ ಮುಚ್ಚಿಹೋದ ಮೇಲೆ ಮಣ್ಣಿಗೆ ಇಳಿದಿದ್ದರು. ದನಿ ಮಾತ್ರ ಇನ್ನೂ ನೀರಿನ ಆ ದಡಕ್ಕೆ ಕೇಳಿಸುವಂತೆಯೇ ಇತ್ತು. “ಉಸಿರು ಬಿಡಿ. ಯಾಕೆ ಹಿಡ್ಕೊಂಡಿದ್ದೀರಿ? ಇಲ್ಲಿ ಯಾರೂ ಮುಳುಗಲ್ಲ,” ಎಂದು ಅವರು ಕೂಗಿದಾಗ ಮುಂದಿನ ಟಯರ್ ಅಂಗಡಿಯವನೂ ಉಸಿರು ಬಿಡುತ್ತಿದ್ದ.

ತಿಂಗಳುಗಟ್ಟಲೆ ಕಲಿತ ಪಾರ್ಸೆಲಪ್ಪನವರು ಪುಟ್ಟ ಪುಟ್ಟ ಬಟ್ಟಲುಗಳನ್ನು ಮಾಡುವುದರಲ್ಲಿ ನುರಿತರು. ತುಂಬಾ ಪುಟ್ಟವು. ಮೂರು ಬೆರಳು ಹಾಕಿದರೆ ನಾಲ್ಕನೆಯದಕ್ಕೆ ಜಾಗವಿರುತ್ತಿರಲಿಲ್ಲ. ಮನೆಯಲ್ಲಿ ಗುಂಡಿ, ಸೂಜಿ, ಔಷಧದ ಮಾತ್ರೆ ಎಲ್ಲವೂ ಒಂದೊಂದು ಬಟ್ಟಲಿಗೆ ಒಡೆಯರಾದವು. ಕೊನೆಗೆ ಹೆಂಡತಿ, “ಇನ್ನು ಇಡೋಕೆ ಏನೂ ಉಳಿದಿಲ್ಲ ಕಣ್ರೀ,” ಎಂದರು.

ವಿಷಯ ಇಷ್ಟರಲ್ಲೇ ನಿಂತಿದ್ದರೆ ಈ ಕಥೆಗೆ ಕೆಲಸವಿರಲಿಲ್ಲ. ಆದರೆ ಅಷ್ಟರಲ್ಲಿ ಹೆಂಡತಿಯ ತಮ್ಮ ಬಾತ್‌ರೂಮು ಸಾಮಾನಿನ ಹೊಸ ಅಂಗಡಿ ತೆರೆದ.

ಭಾವಮೈದುನ ಕೆಟ್ಟವನಲ್ಲ. ಬಿಡುವಿಲ್ಲದವನು, ಅಷ್ಟೇ. ತಾಯಿಯನ್ನು ನೋಡಲು ಬರುತ್ತೇನೆಂದು ಫೋನಿನಲ್ಲಿ ಹೇಳಿದ ಸಲಗಳನ್ನೆಲ್ಲ ಸೇರಿಸಿದರೆ ಅವನು ಅಕ್ಕನ ಮನೆಯಲ್ಲೇ ವಾಸವಾಗಿರಬೇಕಿತ್ತು. ಅಂಗಡಿ ತೆರೆದ ದಿನ ನೆಂಟರು, ಗಿರಾಕಿಗಳು, ಪಾರ್ಸೆಲಪ್ಪನವರ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು, ಎಲ್ಲರೂ ನಲ್ಲಿ ಕನ್ನಡಿಗಳ ನಡುವೆ ಶರಬತ್ತು ಹಿಡಿದು ಓಡಾಡುತ್ತಿದ್ದರು. ಬಾಗಿಲ ಬಳಿ ಅಲಂಕಾರಕ್ಕೆಂದು ಒಂದು ಭಾರಿ ಗಾತ್ರದ ಮಣ್ಣಿನ ಜಾಡಿ ನಿಲ್ಲಿಸಿದ್ದರು. ಯಾರೋ ಅದನ್ನು ನೋಡಿ, “ನಿಮ್ಮ ಭಾವನೂ ಮಣ್ಣಿನ ಕೆಲಸ ಕಲೀತಿದಾರಂತಲ್ಲ,” ಎಂದರು.

“ಹೌದು ಹೌದು,” ಎಂದ ಭಾವಮೈದುನ. “ಇರುವೆಗಳಿಗೆ ಸ್ನಾನದ ತೊಟ್ಟಿ ಮಾಡ್ತಾರೆ. ನನ್ನ ಅಂಗಡೀಲಿ ಅವಕ್ಕೆ ನಲ್ಲಿ ಸಿಗ್ತಿಲ್ಲ, ಅದೊಂದೇ ಕೊರತೆ.”

ಎಲ್ಲರೂ ನಕ್ಕರು. ಪಾರ್ಸೆಲಪ್ಪನವರೂ ರೂಢಿಯಂತೆ ನಗಲು ಹೊರಟವರು, ನಗುವಿನ ಬದಲು ಮಾತು ಬಂದುಬಿಟ್ಟದ್ದರಿಂದ ತಾವೇ ಬೆಚ್ಚಿದರು.

“ದೊಡ್ಡದೂ ಮಾಡ್ತಾ ಇದ್ದೀನಿ.”

“ಎಷ್ಟು ದೊಡ್ಡದು ಭಾವ?”

ಪಾರ್ಸೆಲಪ್ಪನವರು ಹೋಲಿಕೆಗಾಗಿ ಸುತ್ತ ನೋಡಿದರು. ಜಾಡಿಯನ್ನು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಣ್ಣಿಗೆ ಬಿದ್ದದ್ದು, ಕುರ್ಚಿಯಲ್ಲಿ ನೆಟ್ಟಗೆ ಕೂತು ಶರಬತ್ತು ಹೀರುತ್ತಿದ್ದ ಅತ್ತೆಯವರು.

“ಅತ್ತೆಯವರ ಅಳತೆಗೆ ಸರಿಯಾಗಿ ಒಂದು ಗುಡಾಣ,” ಎಂದುಬಿಟ್ಟರು.

ಅವರ ಮನಸ್ಸಿನಲ್ಲಿದ್ದದ್ದು ಎತ್ತರ, ಅದೂ ಕೂತ ಎತ್ತರ. ಆದರೆ ಮಾತು ಬಾಯಿಂದ ಹೊರಟ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಯಾರು ಕೇಳುತ್ತಾರೆ? ನಲ್ಲಿಗಳ ಹತ್ತಿರ ನಿಂತಿದ್ದವರು, ಅಳಿಯ ಅತ್ತೆಗಾಗಿ ಗುಡಾಣ ಮಾಡುತ್ತಿದ್ದಾರಂತೆ ಎಂದುಕೊಂಡರು. ಮಾತು ಕನ್ನಡಿಗಳ ಹತ್ತಿರ ಬರುವಾಗ ಅದು ಅತ್ತೆಯನ್ನು ಇಡಲಿಕ್ಕೆ ಎಂದಾಗಿತ್ತು. ಬಾಗಿಲು ದಾಟುವ ಹೊತ್ತಿಗೆ ಡಾಕ್ಟರು ಕೈಬಿಟ್ಟಿದ್ದರು. ಹೆಡ್‌ಮಾಸ್ಟರು ಅತ್ತೆಯವರ ಕೈಯಿಂದ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, “ಇನ್ನೊಂದು ತರಲೇನಮ್ಮ? ಏನು ಬೇಕೋ ಎಲ್ಲಾ ತಗೊಳ್ಳಿ, ಈಗ ಪಥ್ಯ ಯಾಕೆ,” ಎಂದು ಆಚೆ ತಿರುಗಿ ಕಣ್ಣೊರೆಸಿಕೊಂಡರು. ಅತ್ತೆಯವರು ಇನ್ನೊಂದು ತರಿಸಿಕೊಂಡು ಕುಡಿದರು.

*

ಮುಂದಿನ ಭಾನುವಾರ ಪಾರ್ಸೆಲಪ್ಪನವರು ಟೀಚರ ಮುಂದೆ ಎದೆಯ ಮಟ್ಟಕ್ಕೆ ಕೈ ಹಿಡಿದು, “ಇಷ್ಟೆತ್ತರದ್ದು ಕಲೀಬೇಕು,” ಎಂದರು.

ಟೀಚರು ಅವರ ಕೈಯನ್ನೂ ಮುಖವನ್ನೂ ನೋಡಿದರು. “ನಿಮಗೆ ಬಟ್ಟಲು ಮಾಡೋಕೆ ಏನಾಗಿತ್ತು?”

“ಮಾತು ಕೊಟ್ಟುಬಿಟ್ಟಿದ್ದೀನಿ.”

“ಯಾರಿಗೆ?”

ಪಾರ್ಸೆಲಪ್ಪನವರು ಯೋಚಿಸಿದರು. ಯಾರಿಗೆಂದು ಅವರಿಗೇ ಖಚಿತವಾಗಿ ಗೊತ್ತಿರಲಿಲ್ಲ. “ಎಲ್ಲರಿಗೂ,” ಎಂದರು.

ಟೀಚರು ತಲೆಯಷ್ಟು ದೊಡ್ಡದೊಂದು ಮಣ್ಣಿನ ಮುದ್ದೆಯನ್ನು ತಂದು ಚಕ್ರದ ಮೇಲೆ ದೊಪ್ಪೆಂದು ಹಾಕಿದರು. ಸಣ್ಣ ಮುದ್ದೆ ಹೇಳಿದ ಮಾತು ಕೇಳುತ್ತದೆ. ಅಂಗೈ ಒತ್ತಿದರೆ ಚಕ್ರದ ನಡುಮಧ್ಯಕ್ಕೆ ಬಂದು ಅಲುಗದೆ ನಿಲ್ಲುತ್ತದೆ. ದೊಡ್ಡ ಮುದ್ದೆಗೆ ತನ್ನದೇ ಅಭಿಪ್ರಾಯಗಳಿರುತ್ತವೆ ಎಂದು ಪಾರ್ಸೆಲಪ್ಪನವರಿಗೆ ಅಂದು ತಿಳಿಯಿತು. ಅವರು ಎಡಕ್ಕೆ ಒತ್ತಿದರು, ಅದು ಬಲದಿಂದ ಬಂದು ಮುಂಗೈಗೆ ಗುದ್ದಿತು. ಬಲಕ್ಕೆ ಒತ್ತಿದರು, ಅದು ಅವರನ್ನೇ ಎಡಕ್ಕೆ ನೂಕಿತು. ಹಲ್ಲು ಕಚ್ಚಿ ಇಡೀ ಮೈಭಾರ ಹಾಕಿದರು. ಮುದ್ದೆ ಚಕ್ರದ ಮೇಲೇ ಉಳಿಯಿತು, ಪಾರ್ಸೆಲಪ್ಪನವರು ಸ್ಟೂಲಿನಿಂದ ಕೆಳಗಿದ್ದರು.

“ಕೈಯಲ್ಲಿ ಜಗಳ ಆಡಬೇಡಿ,” ಎಂದು ಟೀಚರು ಮೇಲಿನಿಂದ ಹೇಳಿದರು. “ಮೊಣಕೈ ತೊಡೆಗೆ ಊರಿ. ಸೊಂಟದಿಂದ ಒರಗಿ. ಅದು ಸುಸ್ತಾಗೋ ತನಕ ಅಲ್ಲಾಡದೆ ಕೂತಿರಿ.”

ಇನ್ನೊಂದು ಗುಟ್ಟನ್ನೂ ಅವರು ಹೇಳಿಕೊಟ್ಟರು. ಅಷ್ಟೆತ್ತರದ ಗುಡಾಣವನ್ನು ಒಂದೇ ಏಟಿಗೆ ಎತ್ತುವುದಿಲ್ಲ. ಮೊದಲು ಬುಡ ಮಾಡಿ, ಅದು ಸ್ವಲ್ಪ ಬಿಗಿಯಾಗುವವರೆಗೆ ಕಾದು, ಅಂಚನ್ನು ಗೀರಿ ಒದ್ದೆ ಮಾಡಿ, ಅದರ ಮೇಲೆ ಹೆಬ್ಬಾವಿನಂಥ ಮಣ್ಣಿನ ಸುರುಳಿ ಕೂರಿಸಿ, ಮತ್ತೆ ಚಕ್ರ ತಿರುಗಿಸಿ ಗೋಡೆ ಎತ್ತಬೇಕು. ಮತ್ತೆ ಕಾಯಬೇಕು. ಮತ್ತೆ ಸುರುಳಿ. ಮಹಡಿಯ ಮೇಲೆ ಮಹಡಿ. ದಿನಾ ಕೈ ಆಡಿಸಬೇಕಾದ ಕೆಲಸವಾದ್ದರಿಂದ ಟೀಚರು ತಮ್ಮ ಹಳೆಯ ಕರೆಂಟಿನ ಚಕ್ರವನ್ನೇ ಕೊಟ್ಟು ಕಳಿಸಿದರು. ಪಾರ್ಸೆಲಪ್ಪನವರು ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಮುರುಕು ಸೈಕಲ್ಲು, ಹಳೇ ಹಾಸಿಗೆಗಳನ್ನು ಹೊರಗೆ ಹಾಕಿ ಅದನ್ನು ಸ್ಥಾಪಿಸಿದರು. ಬೆಳಿಗ್ಗೆ ಕಚೇರಿಗೆ ಮುಂಚೆ, ಸಂಜೆ ಕಚೇರಿಯಾದ ಮೇಲೆ, ಗಾಳಿಗುಳ್ಳೆ ಹೋಗಲೆಂದು ಮಣ್ಣನ್ನು ಹಲಗೆಗೆ ಎತ್ತಿ ಎತ್ತಿ ಬಡಿಯತೊಡಗಿದರು.

ಆ ದಬದಬ ಸದ್ದು ಗೋಡೆಯಾಚೆ ಹೆಡ್‌ಮಾಸ್ಟರ ಎದೆಗೇ ಬಡಿಯುತ್ತಿತ್ತು. “ಶುರು ಮಾಡಿದಾರೆ,” ಎಂದು ಅವರು ತಮ್ಮ ಹೆಂಡತಿಗೆ ಮೆಲ್ಲಗೆ ಹೇಳಿದರು. “ಎಂಥಾ ಮನುಷ್ಯ ನೋಡು. ಅಂಗಡಿಯಿಂದ ತರದೆ ಸ್ವಂತ ಕೈಯಲ್ಲಿ ಮಾಡ್ತಿದಾರೆ.”

*

ಮರುದಿನದಿಂದ ಅತ್ತೆಯವರನ್ನು ನೋಡಲು ಜನ ಬರತೊಡಗಿದರು.

ಮೊದಲು ಹೆಡ್‌ಮಾಸ್ಟರ ಜೋಡಿ ಸೇಬು ತಂದಿತು. ಆಮೇಲೆ ದೂರದ ನೆಂಟರು ಕಿತ್ತಳೆ ತಂದರು. ಮದುವೆ ಮುಂಜಿಗಳಲ್ಲೂ ಕಾಣದ ಮುಖಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಒಳಬಂದು, ಅತ್ತೆಯವರ ಕೈಹಿಡಿದು ಕೂತವು. ಅತ್ತೆಯವರಿಗೆ ಮೊದಲು ಖುಷಿಯಾಯಿತು. ಆದರೆ ಮಾತುಕತೆಯಲ್ಲಿ ಏನೋ ಎಡವಟ್ಟಿತ್ತು.

“ಎಷ್ಟು ಚೆನ್ನಾಗಿ ಸ್ವೆಟರ್ ಹೆಣೀತಿದ್ರಿ ನೀವು,” ಎಂದರು ಒಬ್ಬ ನೆಂಟರಾಕೆ.

“ಈಗಲೂ ಹೆಣೀತೀನಿ.”

“ಹೆಣೀರಿ, ಹೆಣೀರಿ. ಸಣ್ಣದೇನಾದ್ರೂ ಹೆಣೀರಿ. ಬೇಗ ಮುಗಿಯೋಂಥದ್ದು.”

ಪಾರ್ಸೆಲಪ್ಪನವರ ಹೆಂಡತಿ ಬಂದವರಿಗೆಲ್ಲ, “ಅಮ್ಮನಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದಾರೆ,” ಎಂದು ಹೇಳಿ ಹೇಳಿ ಸೋತರು. ಹೇಳಿದಷ್ಟೂ ಜನ ಅವರ ಬೆನ್ನು ಸವರಿ, “ಧೈರ್ಯ ಅಂದ್ರೆ ನಿಂದು ಕಣಮ್ಮ,” ಎನ್ನುತ್ತಿದ್ದರು.

ಕೊನೆಗೆ ವಿಷಯ ಒಡೆದದ್ದು ಹೆಡ್‌ಮಾಸ್ಟರ ಬಾಯಿಂದಲೇ. “ಅಳಿಯಂದಿರು ಅಳತೆ ತಗೊಂಡಾಯ್ತಾ ಅಮ್ಮ?” ಎಂದು ಅವರು ಸೌಜನ್ಯಕ್ಕೆ ಕೇಳಿದರು.

“ಯಾವ ಅಳತೆ?”

ಹೆಡ್‌ಮಾಸ್ಟರು ನಿವೃತ್ತರಾದರೂ ಪ್ರಶ್ನೆ ಕೇಳಿದವರಿಗೆ ವಿವರಿಸಿ ಹೇಳುವ ಚಟ ಬಿಟ್ಟಿರಲಿಲ್ಲ. ವಿವರಿಸಿದರು. ಅತ್ತೆಯವರು ಪೂರ್ತಿ ಕೇಳಿಸಿಕೊಂಡು, ಮಡಿಲಲ್ಲಿದ್ದ ಸೇಬನ್ನು ಅವರ ಕೈಗಿಟ್ಟು, ಎದ್ದು ನೇರವಾಗಿ ಶೆಡ್ಡಿಗೆ ನಡೆದರು.

ಪಾರ್ಸೆಲಪ್ಪನವರು ಆಗ ಮೊಣಕೈವರೆಗೆ ಮಣ್ಣಿನೊಳಗಿದ್ದರು. ಬುಡದ ಗೋಡೆ ಮೊದಲ ಬಾರಿಗೆ ಅಲುಗದೆ ಏಳುತ್ತಿತ್ತು. ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಅತ್ತೆಯವರು. ಹಿಂದೆ ಮಗಳಿಲ್ಲ.

“ಇದು ನಂಗಂತೆ?” ಎಂದು ಅತ್ತೆಯವರು ಕೇಳಿದರು.

ಪಾರ್ಸೆಲಪ್ಪನವರು ಗಾಬರಿಯಿಂದ ಹೆಂಡತಿಗಾಗಿ ಅತ್ತಿತ್ತ ನೋಡಿದರು. ಯಾರ ಮೂಲಕ ಉತ್ತರ ಹೇಳಬೇಕೆಂದೇ ತೋಚಲಿಲ್ಲ. “ನಿಮ್ಮ ಅಳತೆಗೆ,” ಎಂದರು, ಚಕ್ರಕ್ಕೆ.

“ನಾನು ಹೋದ ಮೇಲೆ ನನ್ನ ಹಾಕೋಕಾ?”

ಪಾರ್ಸೆಲಪ್ಪನವರ ಕಾಲು ತನಗೆ ತಾನೇ ಪೆಡಲನ್ನು ಒತ್ತಿತು. ಚಕ್ರ ಬುರ್ರೆಂದು ತಿರುಗಿ, ಏಳುತ್ತಿದ್ದ ಗೋಡೆ ಛತ್ರಿಯಂತೆ ಅರಳಿ, ಒಂದು ತುಂಡು ಕಿಟಕಿಗೂ ಇನ್ನೊಂದು ಪಾರ್ಸೆಲಪ್ಪನವರ ಕಿವಿಗೂ ಹೋಗಿ ಅಂಟಿತು.

“ಅಯ್ಯೋ ಅಲ್ಲ. ಅಲ್ಲ ಅತ್ತೆ. ಅದು ಎತ್ತರಕ್ಕೆ ಹೇಳಿದ್ದು. ನೀವು ಕೂತಿದ್ರಿ ಅಲ್ಲಿ, ಕಣ್ಣಿಗೆ ಬಿದ್ರಿ. ನಲ್ಲಿ ಕಂಡಿದ್ರೆ ನಲ್ಲಿ ಅಂತಿದ್ದೆ.”

ಇಷ್ಟು ವರ್ಷಗಳಲ್ಲಿ ಅವರು ಅತ್ತೆಯವರಿಗೆ ನೇರವಾಗಿ ಆಡಿದ ಅತಿ ದೀರ್ಘ ಮಾತು ಇದು. ಅತ್ತೆಯವರು ಮೂಲೆಯಲ್ಲಿದ್ದ ಹಳೇ ಕುರ್ಚಿಯನ್ನು ಎಳೆದು, ಸೆರಗಿನಿಂದ ಧೂಳು ಹೊಡೆದು, ಕೂತರು.

“ನಾವು ಮನೇಲಿ ಐದು ಜನ ಹೆಣ್ಣುಮಕ್ಕಳು, ನಾನೇ ಕೊನೆಯೋಳು,” ಎಂದರು. “ದೊಡ್ಡೋಳ ಬಟ್ಟೆ ಇಳಿದು ಇಳಿದು ನನ್ನ ಹತ್ರ ಬರ್ತಿತ್ತು. ಚಪ್ಪಲೀನೂ ಅಷ್ಟೇ. ಮದುವೆ ಆದ್ಮೇಲೆ ನಮ್ಮತ್ತೆ ಬಳೆ ಹಾಕ್ಕೊಂಡೆ, ಅದೂ ಸಡಿಲ. ನನ್ನ ಅಳತೆಗೆ ಅಂತ ಯಾರೂ ಏನೂ ಮಾಡಿದ್ದಿಲ್ಲ.” ಚಕ್ರದ ಮೇಲಿನ ಪಾಯಸದಂಥ ಮಣ್ಣನ್ನು ದಿಟ್ಟಿಸಿದರು. “ಏನಕ್ಕಾದ್ರೂ ಆಗ್ಲಿ. ಆದ್ರೆ ಇಷ್ಟು ಅಗಲ ಯಾಕೆ? ನಾನೇನು ಅಷ್ಟು ದಪ್ಪ ಇದೀನಾ?”

“ಇಲ್ಲ.”

“ಮತ್ತೆ ಕಿರಿದು ಮಾಡಿ. ಕಿವಿ ಒರೆಸ್ಕೊಳ್ಳಿ ಮೊದಲು.”

*

ಅಂದಿನಿಂದ ಶೆಡ್ಡಿನ ಕುರ್ಚಿ ಅತ್ತೆಯವರದಾಯಿತು. ನೋಡಲು ಬಂದವರನ್ನು ಹಾಲಿನಲ್ಲಿ ಕೂರಿಸಿ, “ಕೆಲಸ ಇದೆ,” ಎಂದು ಅವರು ಹಿತ್ತಲಿಗೆ ಹೋಗಿಬಿಡುವರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವು ತಂದ ಹಣ್ಣನ್ನು ತಾವೇ ಸುಲಿದು ತಿಂದು ಹೋಗುವರು.

ಅತ್ತೆಯವರಿಗೆ ಮಣ್ಣಿನ ಗಂಧಗಾಳಿ ಇರಲಿಲ್ಲ. ಆದರೆ ವಕ್ರ ಕಂಡರೆ ಸುಮ್ಮನಿರುವ ಸ್ವಭಾವವೂ ಇರಲಿಲ್ಲ. “ಆ ಕಡೆ ವಾಲ್ತು,” ಎನ್ನುವರು. “ಇಲ್ಲ ಅತ್ತೆ, ನೆಟ್ಟಗಿದೆ.” “ವಾಲ್ತು ಅಂದೆ.” ಅಷ್ಟರಲ್ಲಿ ಅದು ವಾಲಿ, ನಿಟ್ಟುಸಿರಿನಂಥದೊಂದು ಸದ್ದು ಮಾಡಿ, ಕುಸಿದು ಕೂತಿರುತ್ತಿತ್ತು. ಕುಸಿದ ಗುಡಾಣಗಳಿಗೆ ಅವರು ನೆಂಟರ ಹೆಸರಿಡತೊಡಗಿದರು. ಹೊಟ್ಟೆ ಮುಂದೆ ಬಂದದ್ದು ಸೋದರಮಾವ. ಕತ್ತೇ ಇಲ್ಲದೆ ಹೋದದ್ದು ದೊಡ್ಡಕ್ಕನ ಗಂಡ. ಎಲ್ಲಾ ಸರಿಯಿದ್ದು ಕೊನೇ ಗಳಿಗೆಯಲ್ಲಿ ಕೈಕೊಟ್ಟದ್ದು ಯಾರೆಂದು ಅವರು ಹೇಳಲಿಲ್ಲ. ತುಂಬಾ ಹೊತ್ತು ನಕ್ಕರು. ಪಾರ್ಸೆಲಪ್ಪನವರೂ ಯಾರೆಂದು ತಿಳಿಯದೆಯೇ ನಕ್ಕರು. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಆ ನಗು ಕೇಳಿ, ಕೈಯಲ್ಲಿದ್ದ ಪಾತ್ರೆ ಹಿಡಿದೇ ಕಿಟಕಿಗೆ ಬಂದು, ತಮಗೆ ಕೇಳಿಸಿದ್ದು ಸರಿಯೇ ಎಂದು ಇಣುಕಿ ನೋಡಿದರು.

ಹೀಗಿರುವಾಗ ಪುರಸಭೆಯ ಆರೋಗ್ಯ ಇನ್‌ಸ್ಪೆಕ್ಟರು ಬಂದರು. ವಾಸದ ಮನೆಯ ಹಿತ್ತಲಿನಲ್ಲಿ, ಮಣ್ಣಿನ ಪಾತ್ರೆಯೊಳಗೆ, ಅನುಮತಿಯಿಲ್ಲದೆ, ಎಂದೆಲ್ಲ ದೂರು ಹೋಗಿತ್ತಂತೆ. ಯಾರು ಕೊಟ್ಟರೋ ತಿಳಿಯದು. ಹೆಡ್‌ಮಾಸ್ಟರು ಮಾತ್ರ ಆ ದಿನವೆಲ್ಲ ಕಿಟಕಿ ಮುಚ್ಚಿಕೊಂಡಿದ್ದರು.

ಇನ್‌ಸ್ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ, “ಸಂಬಂಧಪಟ್ಟೋರು ಎಲ್ಲಿದಾರೆ?” ಎಂದು ಕೇಳಿದರು.

“ನಾನೇ,” ಎಂದರು ಅತ್ತೆಯವರು, ಕುರ್ಚಿಯಿಂದ.

“ಅಲ್ಲಮ್ಮ, ಇದರೊಳಗೆ ಹೋಗಬೇಕಾದೋರು.”

“ನಾನೇ ಅಂದ್ನಲ್ಲ.”

ಇನ್‌ಸ್ಪೆಕ್ಟರು ತಡವರಿಸಿದರು. “ಆದ್ರೆ ನೀವು ಇದ್ದೀರಲ್ಲ.”

“ಇದ್ದೀನಿ. ಅದಕ್ಕೂ ಅನುಮತಿ ಬೇಕಾ?”

ಅನುಮತಿ ಬೇಡವೆಂದು ಇನ್‌ಸ್ಪೆಕ್ಟರು ಒಪ್ಪಿಕೊಂಡರು. ಪಾರ್ಸೆಲಪ್ಪನವರು ಇದು ಬರೀ ಗುಡಾಣ ಸಾರ್, ಖಾಲಿ ಗುಡಾಣ, ಖಾಲಿಯಾಗಿಯೇ ಇರುತ್ತದೆ ಎಂದು ಬೆವರುತ್ತಾ ವಿವರಿಸಿದರು. ಇನ್‌ಸ್ಪೆಕ್ಟರು ಬಗ್ಗಿ ಒಳಗೆ ನೋಡಿ, ಖಾಲಿಯಿರುವುದನ್ನು ಖಚಿತ ಮಾಡಿಕೊಂಡರು. ಹೊರಡುವಾಗ, ಖಾಲಿ ಪಾತ್ರೆಯಲ್ಲಿ ಮಳೆನೀರು ನಿಂತು ಸೊಳ್ಳೆ ಮೊಟ್ಟೆ ಇಡದಂತೆ ನೋಡಿಕೊಳ್ಳಬೇಕೆಂದು ಹೇಳಿದರು. ಇಷ್ಟು ದೂರ ಬಂದು ಏನೂ ಹೇಳದೆ ಹೋಗುವುದು ಅವರ ಹುದ್ದೆಗೆ ತಕ್ಕದ್ದಾಗಿರಲಿಲ್ಲ.

*

ಇಷ್ಟೆಲ್ಲ ಆಗುವ ಹೊತ್ತಿಗೆ ಸುದ್ದಿ ಸುತ್ತು ಹೊಡೆದು, ಅದು ಹುಟ್ಟಿದ ಅಂಗಡಿಗೇ ವಾಪಸು ಬಂತು. ನಲ್ಲಿ ಕೊಳ್ಳಲು ಬಂದವರೆಲ್ಲ ಭಾವಮೈದುನನಿಗೆ ಸಾಂತ್ವನ ಹೇಳತೊಡಗಿದರು. ಒಬ್ಬ ಚಿಕ್ಕಪ್ಪ ನೇರವಾಗಿ, “ಅಳಿಯ ಕೈಯಾರೆ ಮಣ್ಣು ಹಿಸುಕ್ತಿದಾನೆ. ಮಗ ಆಗಿ ನೀನು ಕಮೋಡ್ ಮಾರ್ಕೊಂಡು ಕೂತಿದೀಯ,” ಎಂದು ಬಿಟ್ಟರು. ಭಾವಮೈದುನ ಅಂಗಡಿಯನ್ನು ಹಾಗೇ ಬಿಟ್ಟು ಕಾರು ಹತ್ತಿದ.

ಅವನು ಬಂದಾಗ ಕಣ್ಣು ಕೆಂಪಗಿತ್ತು. ಜೊತೆಗೆ ಒಬ್ಬ ಡಾಕ್ಟರನ್ನೂ ತಂದಿದ್ದ. ಡಾಕ್ಟರು ಅತ್ತೆಯವರ ನಾಡಿ, ಎದೆ, ನಾಲಿಗೆ ಎಲ್ಲವನ್ನೂ ನೋಡಿ, “ಇವರಿಗೇನಾಗಿದೆ?” ಎಂದು ಕೇಳಿದರು. ಏನಾಗಿದೆ ಎಂದು ಹೇಳಬೇಕಾದವರು ತಾವೇ ಎಂದು ಅವರಿಗೆ ನೆನಪಿಸಬೇಕಾಯಿತು. ಮತ್ತೊಮ್ಮೆ ನೋಡಿದರು. ಆಮೇಲೆ, ಬಂದದ್ದು ವ್ಯರ್ಥವಾಗದಿರಲೆಂದು ಭಾವಮೈದುನನ ರಕ್ತದೊತ್ತಡ ನೋಡಿ, ಅವನಿಗೇ ಮಾತ್ರೆ ಬರೆದುಕೊಟ್ಟು ಹೋದರು.

ಅಕ್ಕ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಭಾವಮೈದುನ ಕೇಳಿಸಿಕೊಂಡ. ನಗಲಿಲ್ಲ. ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, “ಆದ್ರೂ ಬಾಮ್ಮ,” ಎಂದ. “ಕಾರಲ್ಲಿ ಬರೋವಾಗ ದಾರಿಯುದ್ದಕ್ಕೂ ನೀನು ಇರಲ್ಲ ಅಂದ್ಕೊಂಡೇ ಬಂದೆ. ನಿನಗೆ ಅಂತ ರೂಮು ಮಾಡಿಸಿ ಇಟ್ಟಿದ್ದೀನಿ. ಬಿಸಿನೀರಿಗೆ ಒಂದು ಗುಂಡಿ, ತಣ್ಣೀರಿಗೆ ಒಂದು ಗುಂಡಿ. ನನ್ನ ಹತ್ರ ಇರು.”

ಅತ್ತೆಯವರು ಮಗನ ತಲೆ ಸವರಿದರು. ಹಾಗೆ ಕೇಳಿದ ಮಗನಿಗೆ ಇಲ್ಲವೆನ್ನುವ ತಾಯಿ ಅವರಲ್ಲ. ಪಾರ್ಸೆಲಪ್ಪನವರು ಬಾಗಿಲಿಗೆ ಒರಗಿ ನಿಂತು ತಮ್ಮ ಅಂಗೈಯಲ್ಲಿ ಒಣಗುತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದರು. ಅತ್ತೆಯವರು ಮಗನ ಮನೆಗೆ ಹೋಗುವ ದಿನ ಬಂದರೆ ಮನೆ ಎಷ್ಟು ಸಲೀಸಾಗುತ್ತದೆ ಎಂದು ಅವರು ಹಿಂದೆ ಅನೇಕ ಸಲ ಲೆಕ್ಕ ಹಾಕಿದ್ದುಂಟು. ಈಗ ಅದೇ ಲೆಕ್ಕ ಹಾಕಲು ಹೋದರೆ ಕೂಡುವುದು ಯಾವುದು ಕಳೆಯುವುದು ಯಾವುದು ಎಂದು ಗೊತ್ತಾಗದೆ ನಿಂತರು.

“ಬರ್ತೀನಪ್ಪ,” ಎಂದರು ಅತ್ತೆಯವರು. “ಆದ್ರೆ ಗುಡಾಣ ಮುಗೀಲಿ. ನನ್ನ ಅಳತೇದು. ನಾನಿಲ್ಲದೆ ಹೋದ್ರೆ ಅವರು ಯಾರನ್ನ ನೋಡ್ಕೊಂಡು ಮಾಡ್ತಾರೆ?”

“ಯಾವಾಗ ಮುಗಿಯುತ್ತೆ ಭಾವ?”

“ಎತ್ತಿ ಆದ್ಮೇಲೆ ಒಣಗಬೇಕು,” ಎಂದರು ಪಾರ್ಸೆಲಪ್ಪನವರು. “ಪೂರ್ತಿ ಒಣಗದೆ ಸುಡೋಕಾಗಲ್ಲ. ಒಲೆಯೊಳಗೆ ಸಿಡಿದು ಹೋಗುತ್ತೆ.”

“ಸರಿ. ಒಣಗಿದ ದಿನ ಬಂದು ಕರ್ಕೊಂಡು ಹೋಗ್ತೀನಿ.”

*

ಗುಡಾಣದ ಕೊನೆಯ ಮಹಡಿಯನ್ನು ಪಾರ್ಸೆಲಪ್ಪನವರು ಎತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ಟೀಚರ ಎದುರಿಗೆ. ಸ್ಟೂಲಿನ ಮೇಲೆ ಕೂತರೆ ಎಟುಕುತ್ತಿರಲಿಲ್ಲ. ನಿಂತೇ, ಬಲಗೈಯನ್ನು ಭುಜದವರೆಗೂ ಗುಡಾಣದೊಳಗೆ ಇಳಿಸಿ, ಕೆನ್ನೆಯನ್ನು ಅದರ ಅಂಚಿನ ಹತ್ತಿರಕ್ಕೇ ತಂದು, ಒಳಗಿನ ಬೆರಳಿಗೂ ಹೊರಗಿನ ಬೆರಳಿಗೂ ನಡುವೆ ಗೋಡೆಯನ್ನು ಹಿಡಿದರು. ಸುರುಳಿ ತೆಳುವಾಗುತ್ತಾ ಮೇಲೆದ್ದಿತು. ಭುಜವಾಯಿತು. ಒಳಗೆ ಸರಿದು ಕತ್ತಾಯಿತು. ಟೀಚರು ಕೂಗಲಿಲ್ಲ. ಅತ್ತೆಯವರು ವಾಲಿತು ಎನ್ನಲಿಲ್ಲ. ಕತ್ತಿನ ತುದಿಯಲ್ಲಿ ಅಂಚು ಹೊರಕ್ಕೆ ಮಗುಚಿಕೊಂಡಾಗ ಪಾರ್ಸೆಲಪ್ಪನವರು ಕಾಲನ್ನು ಪೆಡಲಿನಿಂದ ತೆಗೆದರು. ಚಕ್ರ ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ನಿಂತಿತು. ಗುಡಾಣ ನಿಂತೇ ಇತ್ತು.

“ಉಸಿರು ಬಿಡಿ,” ಎಂದರು ಟೀಚರು, ಮೆತ್ತಗೆ. ಅವರದೂ ಕಟ್ಟಿತ್ತು.

ಅತ್ತೆಯವರು ಎದ್ದು ಗುಡಾಣದ ಸುತ್ತ ಒಂದು ಸುತ್ತು ಬಂದು, ಕುರ್ಚಿ ಎಳೆದು ಅದರ ಪಕ್ಕಕ್ಕೇ ಕೂತರು. ಇಬ್ಬರ ನೆತ್ತಿಯೂ ಒಂದೇ ಮಟ್ಟದಲ್ಲಿತ್ತು. ಪಾರ್ಸೆಲಪ್ಪನವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಅಮ್ಮ, ನೀನೇ ಸ್ವಲ್ಪ ಚಂದ,” ಎಂದರು.

ಟೀಚರು ಗುಡಾಣಕ್ಕೆ ಪ್ಲಾಸ್ಟಿಕ್ ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ಸಡಿಲಿಸಬೇಕೆಂದು ಹೇಳಿಕೊಟ್ಟರು. “ಒಣಗಿದ್ಯಾ ಅಂತ ಗೊತ್ತಾಗೋಕೆ ಅಂಗೈ ಇಟ್ಟು ನೋಡಿ. ತಣ್ಣಗಿದ್ರೆ ಇನ್ನೂ ಹಸಿ. ಈ ಬಿಸಿಲಿಗೆ ಬೇಗ ಆಗುತ್ತೆ.”

ಬೇಗ ಆಗಲಿಲ್ಲ. ಬಿಸಿಲು ಸುರಿಯಿತು, ಹಿತ್ತಲಿನ ನೆಲ ಬಿರುಕು ಬಿಟ್ಟಿತು, ಹೆಡ್‌ಮಾಸ್ಟರ ಬಾಗಿಲು ಒಣಗಿ ಕಿರುಗುಟ್ಟತೊಡಗಿತು. ಗುಡಾಣ ಮಾತ್ರ ತಣ್ಣಗೇ ಇತ್ತು. ಭಾವಮೈದುನ ಫೋನು ಮಾಡಿ, “ಒಣಗ್ತಾ ಭಾವ?” ಎನ್ನುವನು. ಪಾರ್ಸೆಲಪ್ಪನವರು ಅಪರಾಧಿಯ ಹಾಗೆ, “ಇನ್ನೂ ಇಲ್ಲ,” ಎನ್ನುವರು. ಫೋನಿನಲ್ಲಿ ತೃಪ್ತಿಯಾಗದೆ ಅವನು ಭಾನುವಾರ ಖುದ್ದಾಗಿ ಬಂದು ಅಂಗೈಯಿಟ್ಟು ನೋಡಿದ. ಬಂದವನು ಊಟಕ್ಕೂ ನಿಂತ. ಮತ್ತೊಂದು ಭಾನುವಾರವೂ ಬಂದ. ಟೀಚರೂ ಬಂದರು. ಗುಡಾಣವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ. ಯಾರೋ ದಿನಾ ಸ್ನಾನ ಮಾಡಿಸ್ದಂಗಿದೆ,” ಎಂದು ತಲೆ ಕೊಡವಿದರು. ತಪ್ಪು ತಮ್ಮದೇ ಎಂದು ಪಾರ್ಸೆಲಪ್ಪನವರಿಗೆ ಖಾತ್ರಿಯಾಯಿತು. ಗೋಡೆ ದಪ್ಪವಾಯಿತೋ, ಮಣ್ಣು ಕೆಟ್ಟದ್ದೋ ಎಂದು ಕೌಂಟರಿನಲ್ಲಿ ಕೂತೂ ಅದನ್ನೇ ಯೋಚಿಸಿ, ಜೀವನದಲ್ಲಿ ಮೊದಲ ಸಲ ಒಂದು ಪಾರ್ಸೆಲ್ಲಿನ ತೂಕವನ್ನು ತಪ್ಪು ಹೇಳಿದರು.

ಒಂದು ಬೆಳಿಗ್ಗೆ ಅವರು ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸು ಬಂದರು. ಕನ್ನಡಕ ಶೆಡ್ಡಿನಲ್ಲಿತ್ತು. ಬಾಗಿಲು ಓರೆಯಾಗಿತ್ತು. ಒಳಗೆ ಅತ್ತೆಯವರು ಗುಡಾಣದ ಪ್ಲಾಸ್ಟಿಕ್ಕನ್ನು ಮಡಚಿ ಪಕ್ಕಕ್ಕಿಟ್ಟು, ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಅದರ ಮೈಯನ್ನು ಒರೆಸುತ್ತಿದ್ದರು. ಮಗುವಿಗೆ ಮೈ ಒರೆಸುವ ಹಾಗೆ, ಕತ್ತಿನ ಕೆಳಗೆ, ಹೊಟ್ಟೆಯ ಸುತ್ತ, ಬುಡದವರೆಗೂ.

ಪಾರ್ಸೆಲಪ್ಪನವರು ಬಕೆಟ್ಟನ್ನು ನೋಡಿದರು. ಅಂಚಿನವರೆಗೆ ತುಂಬಿದ ಬಕೆಟ್ಟು. ಅದರ ತೂಕ ಅವರಿಗೆ ನೋಡಿದರೇ ಗೊತ್ತು. ಅತ್ತೆಯವರು ಎತ್ತಿ ತರುವಂಥದ್ದಲ್ಲ. ಮನೆಯಲ್ಲಿ ಇನ್ನು ಉಳಿದವರು ಒಬ್ಬರೇ. ಅಡುಗೆಮನೆಯ ಕಿಟಕಿಯತ್ತ ತಿರುಗಿದರು. ಅಲ್ಲಿ ಹೆಂಡತಿ ಯಾವುದೋ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕುತ್ತಿದ್ದರು.

ಅಷ್ಟರಲ್ಲಿ ಅತ್ತೆಯವರಿಗೆ ಹೆಜ್ಜೆ ಸದ್ದು ಕೇಳಿಸಿತು. ತಿರುಗಲಿಲ್ಲ. ಕೈಯೂ ನಿಲ್ಲಲಿಲ್ಲ.

“ಬಿಸಿಲು ಜಾಸ್ತಿ,” ಎಂದರು ಗುಡಾಣಕ್ಕೆ. “ಬಿರುಕು ಬಿಟ್ಟೀತು ಅಂತ.”

ಪಾರ್ಸೆಲಪ್ಪನವರು ಕನ್ನಡಕ ಹಾಕಿಕೊಂಡರು. ಶರಟಿನ ತೋಳು ಮಡಚಿದರು. ಕಚೇರಿಗೆ ಹೊತ್ತಾಗಿತ್ತು, ಕೌಂಟರಿನ ಮುಂದೆ ಜನ ನಿಂತಿರುತ್ತಾರೆ ಎನ್ನುವುದೂ ಗೊತ್ತಿತ್ತು. ಇನ್ನೊಂದು ಬಟ್ಟೆ ತೆಗೆದು ಬಕೆಟ್ಟಿಗೆ ಅದ್ದಿದರು.

“ಮೇಲಿನ ಅಂಚು ಬಿಟ್ಟಿದ್ದೀರಿ ಅತ್ತೆ,” ಎಂದರು. “ಅಲ್ಲೇ ಮೊದಲು ಒಣಗೋದು.”

ಆ ಭಾನುವಾರ ಭಾವಮೈದುನ ಎಂದಿನಂತೆ ಬಂದ. ಎಲ್ಲರೂ ಶೆಡ್ಡಿನಲ್ಲಿ ಸುತ್ತ ನಿಂತರು. ಅವನು ಗುಡಾಣದ ಹೊಟ್ಟೆಗೆ ಅಂಗೈ ಇಟ್ಟ. ತುಂಬಾ ಹೊತ್ತು ಇಟ್ಟುಕೊಂಡಿದ್ದ. ಕೆಳಗೆ ನೋಡಿದರೆ ಅವನ ಬೂಟಿನ ಸುತ್ತ ನೀರು. ನೀರಿನ ಗೆರೆ ಹಿಡಿದು ಹೋದರೆ ಕುರ್ಚಿಯ ಹಿಂದೆ ಬಕೆಟ್ಟು, ಬಕೆಟ್ಟಿನ ಬಾಯಲ್ಲಿ ನೇತುಬಿದ್ದ ಬಟ್ಟೆ. ತಾಯಿಯನ್ನು ನೋಡಿದ. ತಾಯಿ ಶೆಡ್ಡಿನ ಸೂರು ನೋಡುತ್ತಿದ್ದರು. ಭಾವನನ್ನು ನೋಡಿದ. ಭಾವ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಮೇಲೆ ಕೆಳಗೆ ಮಾಡುತ್ತಾ ತೂಕ ಅಂದಾಜು ಮಾಡುವುದರಲ್ಲಿ ಮುಳುಗಿದ್ದರು. ಅಕ್ಕ, ಊಟಕ್ಕೆ ಹೊತ್ತಾಯಿತು ಎಂದರು.

“ಇನ್ನೂ ಹಸಿ ಇದೆ,” ಎಂದ ಭಾವಮೈದುನ.

“ಹೌದಾ?” ಎಂದರು ಅತ್ತೆಯವರು.

“ಹೂಂ. ಅವಸರ ಮಾಡೋದು ಬೇಡ. ಮುಂದಿನ ಭಾನುವಾರ ಬಂದು ನೋಡ್ತೀನಿ.”

ಎಲ್ಲರೂ ಊಟಕ್ಕೆ ನಡೆದರು. ಕೊನೆಯಲ್ಲಿ ಹೊರಟವನು ಅವನೇ. ಬಾಗಿಲವರೆಗೆ ಹೋದವನು ಹಿಂದೆ ಬಂದು, ಬಟ್ಟೆಯನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಅದ್ದಿ, ಹಿಂಡದೆಯೇ ಗುಡಾಣದ ಭುಜದ ಮೇಲೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ಕನ್ನು ಎಳೆದು ಮುಚ್ಚಿ, ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದ.